ನೀರಿನ ಘಟಕ: ಇನ್ನೊಂದು ಬೇಕೇ, ಇದ್ದದ್ದನ್ನೇ ಸರಿಪಡಿಸಬೇಕೇ?

ಪ್ರಶ್ನೆ: ನಮ್ಮೂರಲ್ಲಿ 300 ಮನೆಗಳಿವೆ. ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಲೀಟರಿಗೆ 2.8 ಮಿ.ಗ್ರಾಂ. ಗಂಟೆಗೆ 1,000 ಲೀಟರ್ ಕೊಡುತ್ತಿದ್ದ ಆರ್‌ಒ (ನೀರು ಶುದ್ಧೀಕರಿಸುವ) ಘಟಕ ಈಗ 400 ಕೊಡುತ್ತಿದೆ. ಇನ್ನೊಂದು ಘಟಕ ಹಾಕಿಸಬೇಕೆಂದು ಊರಿನವರ ಒತ್ತಾಯ. ಸರಿಯೇ?
– ಓದುಗರು, ಪಾವಗಡ ತಾಲೂಕು

ಉತ್ತರ: ಸದ್ಯಕ್ಕೆ ಬೇಡ. ಮನೆಗೆ 20 ಲೀಟರಿನ ಒಂದು ಕ್ಯಾನ್ ಎಂದರೆ ದಿನಕ್ಕೆ 6,000 ಲೀಟರ್. ಘಟಕ ಮೊದಲಿನಂತಿದ್ದರೆ ಆರು ಗಂಟೆ ಓಡಿದರೆ ಸಾಕು, ಈಗ ಹದಿನೈದು ಗಂಟೆ ಓಡಬೇಕು. ಕಾರಣ ಹುಡುಕದೆ ಹೊಸದನ್ನು ಕೂರಿಸಿದರೆ ಅದಕ್ಕೂ ಇದೇ ಗತಿ. ಅರ್ಧ ನೀರು ರಿಜೆಕ್ಟ್ (ಲವಣ ತುಂಬಿದ ತ್ಯಾಜ್ಯ ನೀರು) ಆಗಿ ಹೋಗುವ ಘಟಕಕ್ಕೆ 6,000 ಲೀಟರಿಗಾಗಿ 12,000 ಲೀಟರ್ ಕೊಳವೆಬಾವಿ ನೀರು ಬೇಕು. ಬಾವಿಯಲ್ಲಿ ಅಷ್ಟು ಇಳುವರಿ ಇದೆಯೇ ಎಂಬುದನ್ನೂ ಮೊದಲೇ ಅಳೆಯಿರಿ.

ಹೈ ಪ್ರೆಶರ್ ಪಂಪಿನ ಗೇಜ್ ನೋಡಿ. ಘಟಕ ಕೂರಿಸಿದ ದಿನ ಬರೆದಿಟ್ಟ ಒತ್ತಡಕ್ಕಿಂತ ಕಡಿಮೆ ಇದ್ದರೆ ವೋಲ್ಟೇಜ್ ಕುಸಿದಿರಬಹುದು, ಇಲ್ಲವೇ ಪಂಪೇ ಸವೆದಿರಬಹುದು. ಆಮೇಲೆ ಸಣ್ಣ ಕಣಗಳನ್ನು ಹಿಡಿಯುವ ಕಾರ್ಟ್ರಿಡ್ಜ್ ಫಿಲ್ಟರ್: ಒಳಹೋಗುವ, ಹೊರಬರುವ ಒತ್ತಡಗಳ ಅಂತರ 1 ಬಾರ್ ದಾಟಿದ್ದರೆ ಬದಲಿಸಿ. ಮರಳಿನ ಫಿಲ್ಟರನ್ನು ದಿನವೂ 10–15 ನಿಮಿಷ, ನೀರು ತಿಳಿಯಾಗುವವರೆಗೆ ಬ್ಯಾಕ್‌ವಾಶ್ ಮಾಡಬೇಕು, ಅಂದರೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ತೊಳೆಯಬೇಕು.

ಇವೆಲ್ಲ ಸರಿಯಿದ್ದರೆ ತೊಂದರೆ ಮೆಂಬ್ರೇನಿನದು, ಅಂದರೆ ಲವಣಗಳನ್ನು ತಡೆದು ನೀರನ್ನಷ್ಟೇ ಬಿಡುವ ತೆಳು ಪೊರೆಯದು. ನೀರು ಇಳಿದು, ಶುದ್ಧ ನೀರಿನ ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) ಏರಿದ್ದರೆ ಸುಣ್ಣ ಕಟ್ಟಿದೆ ಎನ್ನಬಹುದು. ನೀರು ಹೆಚ್ಚಿ, ಟಿಡಿಎಸ್‌ ಕೂಡ ಏರಿದ್ದರೆ ಕ್ಲೋರಿನ್ ಮೆಂಬ್ರೇನನ್ನು ತಿಂದಿದೆ. ಬ್ಲೀಚಿಂಗ್ ಪೌಡರ್ ಹಾಕಿದ ಟ್ಯಾಂಕಿನ ನೀರು ಘಟಕಕ್ಕೆ ಹೋಗುತ್ತಿದ್ದು, ಕ್ಲೋರಿನ್ ತೆಗೆಯುವ ಕಾರ್ಬನ್ ಫಿಲ್ಟರ್ ಹಳೆಯದಾಗಿದ್ದರೆ ಹೀಗಾಗುತ್ತದೆ. ನಿಮ್ಮದು ಮೊದಲನೆಯ ಬಗೆ ಎಂದೇ ನಮ್ಮ ಅಂದಾಜು. ಸುಣ್ಣ ಕಟ್ಟದಂತೆ ಹಾಕುವ ಆ್ಯಂಟಿಸ್ಕೇಲಂಟ್ ಲೀಟರಿಗೆ 4 ಮಿ.ಗ್ರಾಂ. ಎಂದಿಟ್ಟುಕೊಂಡರೆ, ಗಂಟೆಗೆ ಒಳಹೋಗುವ 2,000 ಲೀಟರಿಗೆ 8 ಗ್ರಾಂ ಬೇಕು. ಅದರ ಡಬ್ಬದಲ್ಲಿನ ಮಟ್ಟಕ್ಕೆ ಗೆರೆ ಹಾಕಿ. ವಾರವಾದರೂ ಇಳಿಯದಿದ್ದರೆ ಅದನ್ನು ನೀರಿಗೆ ಸೇರಿಸುವ ಡೋಸಿಂಗ್ ಪಂಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಕಟ್ಟಿದ ಸುಣ್ಣ ತೆಗೆಯಲು 100 ಲೀಟರ್ ಶುದ್ಧ ನೀರಿಗೆ 2 ಕಿಲೋ ಸಿಟ್ರಿಕ್ ಆಮ್ಲ ಕರಗಿಸಿ, ಕಡಿಮೆ ಒತ್ತಡದಲ್ಲಿ ಮುಕ್ಕಾಲು ಗಂಟೆ ಸುತ್ತಿಸಿ, ನೆನೆಯಲು ಬಿಟ್ಟು, ಚೆನ್ನಾಗಿ ತೊಳೆಯಬೇಕು. ಈ ಕೆಲಸ ನೀರು ಶೇ. 10–15 ಇಳಿದಾಗಲೇ ಆಗಬೇಕಿತ್ತು. ಶೇ. 60 ಇಳಿದ ಮೆಂಬ್ರೇನ್ ಪೂರ್ತಿ ಚೇತರಿಸುವುದು ಕಷ್ಟ, ಬದಲಿಸಬೇಕಾಗಬಹುದು. ಹಾಗಾದರೂ ಹೊಸ ಘಟಕಕ್ಕಿಂತ ಅಗ್ಗವೇ.

ರಿಜೆಕ್ಟ್ ನೀರಲ್ಲಿ ಫ್ಲೋರೈಡ್ ಹೆಚ್ಚುಕಡಿಮೆ ದುಪ್ಪಟ್ಟಾಗಿ, 5 ಮಿ.ಗ್ರಾಂ. ದಾಟಿರುತ್ತದೆ. ದನಗಳ ತೊಟ್ಟಿಗಾಗಲಿ, ಇಂಗುಗುಂಡಿಗಾಗಲಿ ಬಿಡಲೇಬೇಡಿ. ಶೌಚಾಲಯಕ್ಕೆ, ವಾಹನ ತೊಳೆಯಲು ಬಳಸಿ.

ಪ್ರಶ್ನೆ: ಕಾಯಿಸಿ ಕುಡಿದರೆ ಫ್ಲೋರೈಡ್ ಹೋಗುವುದಿಲ್ಲವೇ? ಟಿಡಿಎಸ್ ಮೀಟರಿನಲ್ಲಿ ಅದು ಗೊತ್ತಾಗುತ್ತದೆಯೇ?

ಉತ್ತರ: ಎರಡೂ ಇಲ್ಲ. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಉಳಿಯುತ್ತದೆ; ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಟಿಡಿಎಸ್ ಮೀಟರು ಕರಗಿದ ಲವಣಗಳ ಒಟ್ಟು ಅಂದಾಜು ಕೊಡುತ್ತದೆ ಅಷ್ಟೆ. ಟಿಡಿಎಸ್ 400 ಇರುವ ನೀರಲ್ಲೂ ಫ್ಲೋರೈಡ್ 2 ಇರಬಹುದು. ಪ್ರಯೋಗಾಲಯದಲ್ಲೇ ಪರೀಕ್ಷಿಸಿ. ಭಾರತೀಯ ಮಾನಕದಂತೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ.

ಪ್ರಶ್ನೆ: ಐದು ಜನರ ಮನೆಗೆ ಮಳೆನೀರು ಸಾಲುತ್ತದೆಯೇ?

ಉತ್ತರ: ಕುಡಿಯಲು, ಅಡುಗೆಗೆ ಸಾಲುತ್ತದೆ. 50 ಚದರ ಮೀಟರ್ ತಾರಸಿ, ವರ್ಷಕ್ಕೆ 500 ಮಿ.ಮೀ. ಮಳೆ, ಶೇ. 20 ನಷ್ಟ ಎಂದರೂ 20,000 ಲೀಟರ್. ತಲೆಗೆ ದಿನಕ್ಕೆ 4 ಲೀಟರಿನಂತೆ ಎಂಟು ಒಣ ತಿಂಗಳಿಗೆ ಬೇಕಾದದ್ದು 4,800 ಲೀಟರ್. 5,000 ಲೀಟರಿನ ತೊಟ್ಟಿ ಕಟ್ಟಿಸಿ, ಬೆಳಕು ಬೀಳದಂತೆ ಮುಚ್ಚಿ. ಪ್ರತಿ ಮಳೆಯ ಮೊದಲ 100 ಲೀಟರ್ ಹೊರಗೆ ಬಿಡಿ. ಈ ನೀರಲ್ಲಿ ಫ್ಲೋರೈಡ್ ಚಿಂತೆಯಿಲ್ಲ, ಕಾಯಿಸಿ ಕುಡಿಯಿರಿ.