ಬೀಗ ಹಾಕಿದ ಲ್ಯಾಬ್ ಕಪಾಟಿನಾಗ ಏನೈತಿ?

ಪ್ರಶ್ನೆ: ಸರ್, ಈ ವರ್ಷ ನಾನು ಇಲ್ಲಿ ಹೈಸ್ಕೂಲಿಗೆ ಸೈನ್ಸ್ ಟೀಚರ್ ಆಗಿ ಬಂದೇನಿ. ಲ್ಯಾಬ್ ಕಪಾಟ ತೆಗದ್ರ ಬರೇ ಹಳೇ ಬಾಟ್ಲಿ, ಅರ್ಧಕ್ಕ ಲೇಬಲ್ ಇಲ್ಲ, ಆ್ಯಸಿಡ್ ಸ್ಪಿರಿಟ್ ಎಲ್ಲಾ ಒಂದ ಖಾನೆದಾಗ, ಒಂದ್ ಬಾಟ್ಲಿ ಮ್ಯಾಲ ಸೋಡಿಯಂ ಅಂತ ಬರದೈತಿ ಆದ್ರ ಒಳಗಿನ ಸೀಮಿಎಣ್ಣಿ ಒಣಗೈತಿ. ಹೆಡ್ ಮಾಸ್ತರು ‘ಎಲ್ಲಾ ಬಚ್ಚಲಕ್ಕ ಸುರುವಿ ತೊಳದ್ಬಿಡ್ರಿ’ ಅಂತಾರ. ಏನ್ ಮಾಡ್ಲಿ?
– ಒಬ್ಬ ಶಿಕ್ಷಕಿ, ಹುನಗುಂದ ತಾಲೂಕು

ಉತ್ತರ: ಅಕ್ಕೋರ, ಬಚ್ಚಲಕ್ಕ ಮಾತ್ರ ಏನೂ ಸುರುವಬ್ಯಾಡ್ರಿ, ಹೆಡ್ ಮಾಸ್ತರಿಗೆ ಸಿಟ್ಟು ಬಂದ್ರ ಬರ್ಲಿ. ಸೋಡಿಯಂ ನೀರಿಗೆ ಬಿದ್ರ ಹೈಡ್ರೋಜನ್ ಬಿಟ್ಟು ಆ ಕಾವಿಗೇ ಹೊತ್ತಿ ಸಿಡೀತೈತಿ, ಇನ್ನ ಆ್ಯಸಿಡ್ ಸುರುವಿದ ಬಚ್ಚಲಾ ತೊಳ್ಯಾಕ ಅಂತ ಯಾರರ ಬ್ಲೀಚಿಂಗ್ ಪೌಡರ್ ಹಾಕಿದ್ರ ಕ್ಲೋರಿನ್ ಏಳ್ತೈತಿ, ಆಮ್ಯಾಲ ಉಸಿರಾಡಾಕ ಪರದಾಡಬೇಕು.

ಹುಡುಗ್ರು ಇಲ್ಲದ ಹೊತ್ತಿನ್ಯಾಗ ಗಾಗಲ್, ಒಣಾ ಗ್ಲೌಸ್ ಹಾಕ್ಕೊಂಡು ಸೋಡಿಯಂ ಮುಳುಗೂವಷ್ಟು ಸೀಮಿಎಣ್ಣಿ ಹಾಕಿ ನಳದಿಂದ ದೂರ ಇಡ್ರಿ. ಸೀಮಿಎಣ್ಣಿ ಈಗ ಸಿಗೂದ ಕಷ್ಟ, ಮೆಡಿಕಲ್ ಶಾಪಿನ ಶುದ್ಧ ಲಿಕ್ವಿಡ್ ಪ್ಯಾರಾಫಿನ್ ಆದ್ರೂ ನಡೀತೈತಿ (ಹೊಟ್ಟಿ ಸಾಫ್ ಆಗಾಕ ಕೊಡೂ ಬಿಳೀ ಸಿರಪ್ ಅಲ್ಲ ಮತ್ತ, ಅದ್ರಾಗ ನೀರಿರ್ತೈತಿ). ಆದ್ರ ಅದು ಪೊಟ್ಯಾಸಿಯಂ ಆಗಿದ್ದು ಮ್ಯಾಲ ಹಳದಿ ಪದರ ಕಟ್ಟಿದ್ರ ಮುಚ್ಚಳಕ್ಕೂ ಕೈ ಹಚ್ಚಬ್ಯಾಡ್ರಿ, ಕೆರದ್ರ ಸಿಡಿಯೂದೈತಿ. ಬಾಜೂಕ ಒಂದ್ ಬಕೆಟ್ ಒಣಾ ಉಸುಕು ಇರ್ಲಿ, ಈ ಬೆಂಕಿಗೆ ನೀರೂ ನಡ್ಯಂಗಿಲ್ಲ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ನಡ್ಯಂಗಿಲ್ಲ.

ನನಗ ಹೆಚ್ಚು ಅಂಜಿಕಿ ಇರೂದು ಬ್ಯಾಸಗಿ ಸೂಟಿದು. ಈಥರ್ ಅಂದ್ರ ಲಗೂನ ಆವಿ ಆಗಿ ಬೆಂಕಿ ಹತ್ತೂ ದ್ರವ, ಅದು ಕುದಿಯೂದು 34.6 ಡಿಗ್ರಿಗೆ, ನಮ್ಮ ಕಡೆ ಮೇ ತಿಂಗಳದಾಗ ಹೊರಗ 40 ದಾಟ್ತೈತಿ, ಪತ್ರಾಸ್ ಹೊದಿಸಿ ಕಿಟಕಿ ಹಾಕಿದ ಖೋಲಿಯೊಳಗಿನ ಲೆಕ್ಕಾ ನೀವ ಹಾಕ್ರಿ. ಅಮೋನಿಯಾ, ಹೈಡ್ರೋಜನ್ ಪೆರಾಕ್ಸೈಡ್ ಬಾಟ್ಲಿನೂ ಒಳಗ ಒತ್ತಡ ಕಟ್ಕೊಂಡು ಕುಂತಿರ್ತಾವು, ಮುಖಾ ಹತ್ರ ಒಯ್ದು ಮುಚ್ಚಳಾ ತಿರುವಬ್ಯಾಡ್ರಿ. ಹಳೇ ಈಥರ್ ಬಾಟ್ಲಿ ಮುಚ್ಚಳದ ಸುತ್ತ ಹರಳು ಕಂಡ್ರ ಅಲ್ಲಾಡಿಸೂದೂ ಬ್ಯಾಡ, ಅದು ಪೆರಾಕ್ಸೈಡ್, ಬರೇ ತಿಕ್ಕಾಟಕ್ಕ ಸಿಡೀತೈತಿ. ಹೈಸ್ಕೂಲಿಗೆ ಈಥರ್ ಯಾಕ ಬೇಕು ಅನ್ನೂದ ನನಗ ತಿಳೀವಲ್ದು!

ಇಂಗ್ಲಿಷ್ ಅಕ್ಷರದ ಸಾಲಿನಂಗ ಬಾಟ್ಲಿ ಜೋಡಿಸೂ ಚಟ ಬಾಳ ಸಾಲ್ಯಾಗ ಐತಿ, ನೋಡಾಕ ಚಂದ, ಆದ್ರ ಅಸಿಟಿಕ್ ಆ್ಯಸಿಡ್ ಬಾಜೂಕ ಲಗೂನ ಬೆಂಕಿ ಹತ್ತೂ ಅಸಿಟೋನ್, ಅದ್ರ ಹಿಂದ ಬೆಂಕಿ ಹೆಚ್ಚಿಸೂ ಅಮೋನಿಯಂ ನೈಟ್ರೇಟ್ ಬಂದು ಕುಂದ್ರತಾವು. ನೈಟ್ರಿಕ್ ಆ್ಯಸಿಡ್ ಒಂದ ಪ್ರತ್ಯೇಕ ಪ್ಲಾಸ್ಟಿಕ್ ಟ್ರೇದಾಗ ಕೆಳಗಿನ ಖಾನೆಗೆ ಇಡ್ರಿ, ಸ್ಪಿರಿಟ್ ಬ್ಯಾರೆ ಕಪಾಟಕ್ಕ, ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಗ್ಲಿಸರಿನ್ ಹತ್ರ ಬರಬಾರದು, ಎರಡೂ ಕೂಡಿದ್ರ ಕಡ್ಡಿ ಕೊರೀದನ ಬೆಂಕಿ ಹತ್ತತೈತಿ. ಲೇಬಲ್ ಇಲ್ಲದ್ದನ್ನ ಮೂಸಿ ನೋಡಬ್ಯಾಡ್ರಿ, ‘ಗೊತ್ತಿಲ್ಲ’ ಅಂತ ಬರದು ತಾರೀಖು ಹಾಕಿ ಬ್ಯಾರೆ ಇಡ್ರಿ. ಪಟ್ಟಿ ಮಾಡಿ ಹೆಡ್ ಮಾಸ್ತರ ಸಹಿ ಹಾಕಿಸಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಪತ್ರಾ ಕೊಡ್ರಿ, ಹತ್ರದ ಡಿಗ್ರಿ ಕಾಲೇಜಿನ ಕೆಮಿಸ್ಟ್ರಿಯವ್ರನ್ನ ಒಮ್ಮೆ ಕರಿಸಿ ತೋರಿಸ್ರಿ. ತಡಾ ಆಗ್ತೈತಿ, ಆಗ್ಲಿ.

ಪ್ರಶ್ನೆ: ಸೆಕೆಂಡ್ ಪಿಯುಸಿ ಪ್ರಾಕ್ಟಿಕಲ್‌ನಾಗ ಆಕ್ಸಾಲಿಕ್ ಆ್ಯಸಿಡ್ ಪಿಪೆಟ್ಟಿಗೆ (ಅಳತಿ ಗಾಜಿನ ಕೊಳವಿಗೆ) ಬಾಯಿಲೇ ಎಳೀರಿ ಅಂತಾರ. ಬಾಯಿ ಬದ್ಲಿ ಎಳಿಯೂ ರಬ್ಬರ್ ಬಲ್ಬ್ ಕೇಳಿದ್ರ ನಗ್ತಾರ.
– ವಿದ್ಯಾರ್ಥಿ, ವಿಜಯಪುರ

ಉತ್ತರ: ನಗ್ಲಿ ಬಿಡಪಾ. ಆಕ್ಸಾಲಿಕ್ ಆ್ಯಸಿಡ್ ನೋಡಾಕ ನೀರಿನಂಗ ಇದ್ರೂ ವಿಷಾನ. ಬಲ್ಬ್ ಸಿಗೂತನಕ ಇನ್ನೊಂದ್ ಬ್ಯುರೆಟ್ಟಿಲೇ (ಕೆಳಗ ತಿರುವೂ ನಳಾ ಇರೂ ಅಳತಿ ಕೊಳವಿಲೇ) ಅಳದ್ ಹಾಕು, ಅಳತಿ ಅಷ್ಟ ಬರೋಬ್ಬರಿ ಬರ್ತೈತಿ.

ಪ್ರಶ್ನೆ: ಸಾಲ್ಯಾಗ ಥರ್ಮಾಮೀಟರ್ ಒಡದ್ರ ಮಗ ಅದ್ರ ಪಾದರಸ ಪೆನ್ನಿನ ಕ್ಯಾಪಿನಾಗ ತುಂಬ್ಕೊಂಡು ಮನಿಗೆ ತಂದಾನ, ನೆಲದ ಮ್ಯಾಲೂ ಚೆಲ್ಯಾನ.
– ಒಬ್ಬ ತಾಯಿ, ಅಥಣಿ

ಉತ್ತರ: ಬೈಬ್ಯಾಡ್ರೆವ್ವಾ, ಹೊಳಿಯೂ ಸಾಮಾನು ನೋಡಿ ಯಾವ ಹುಡುಗ ಬಿಟ್ಟಾನು. ಫ್ಯಾನ್ ಬಂದ್ ಮಾಡಿ ಕಿಟಕಿ ತಗೀರಿ, ಕಸಬರಿಗಿ ಹಚ್ಚಿದ್ರ ಸಣ್ಣ ಹನಿ ಆಗಿ ಸಂದ್ಯಾಗ ಸೇರ್ತೈತಿ, ವ್ಯಾಕ್ಯೂಮ್ ಅಂತೂ ಬ್ಯಾಡ. ಬಂಗಾರದ ಉಂಗುರಾ ತಗದಿಟ್ಟು ಗ್ಲೌಸ್ ಹಾಕ್ಕೊಂಡು ದಪ್ಪ ಕಾಗದ್ಲೇ ಹನಿ ಕೂಡಿಸಿ, ಡ್ರಾಪರ್‌ಲೇ ಎಳದು, ಸ್ವಲ್ಪ ನೀರಿರೂ ಬಿಗಿ ಮುಚ್ಚಳದ ಬಾಟ್ಲ್ಯಾಗ ಹಾಕ್ರಿ. ಪಾದರಸ ರೂಮಿನ ಕಾವಿಗೇ ಆವಿ ಆಗ್ತೈತಿ, ಅದನ್ನ ಉಸಿರಾಡೂದ ನಿಜವಾದ ಅಪಾಯ, ಅದಕ್ಕ ಆ ಖೋಲ್ಯಾಗ ಸಣ್ಣ ಮಕ್ಕಳನ್ನ ಸದ್ಯ ಮಲಗಿಸಬ್ಯಾಡ್ರಿ. ಬಾಟ್ಲಿ ತಿಪ್ಪಿಗೆ ಒಗೀದನ ಸಾಲಿಗೇ ವಾಪಸ್ ಕೊಟ್ಟು, ಇನ್ಮ್ಯಾಲ ಆಲ್ಕೋಹಾಲ್ ಥರ್ಮಾಮೀಟರ್ ತರಸ್ರಿ ಅಂತ ಹೇಳಿ ಬರ್ರಿ.