ಸಂಪಾದಕರ ಉತ್ತರ: ಬಳಗಕ್ಕೆ ಹೆಸರಿಡುವ ಮುಂಚೆ

ಹಾಸನದಿಂದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು:

‘ಕೈಯಲ್ಲಿ ಏನಾದರೂ ಮಾಡುತ್ತಿರಬೇಕು ಅನ್ನುವ ಚಟದವರು ಒಂದಿಷ್ಟು ಜನ ಫೋನಿನಲ್ಲೇ ಗುಂಪು ಕಟ್ಟಿಕೊಂಡಿದ್ದೇವೆ. ಹಾಸನ, ಧಾರವಾಡ, ಪುತ್ತೂರಿನವರಿದ್ದಾರೆ, ಒಬ್ಬರು ದುಬೈಯಲ್ಲಿದ್ದಾರೆ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ವೀಡಿಯೊದಲ್ಲಿ ಸೇರಿ ಅವರವರು ಮಾಡಿದ್ದನ್ನು ತೋರಿಸುತ್ತೇವೆ. ಡ್ರೋನ್, ತ್ರೀಡಿ ಪ್ರಿಂಟರ್, ಮರಗೆಲಸ ಜಾಸ್ತಿ. ಈಗ ಹೆಸರಿನ ಜಗಳ ಶುರುವಾಗಿದೆ. ಒಬ್ಬರು “ಮೇಕರ್ಸ್ ಕ್ಲಬ್” ಅಂತಾರೆ, ಇನ್ನೊಬ್ಬರು “ಕುಶಲಕರ್ಮಿಗಳ ಕೂಟ”, ಮತ್ತೊಬ್ಬರು “ವಿಶ್ವಕರ್ಮ ಬಳಗ”. ನನ್ನ ಹೆಂಡತಿ ಧಾರವಾಡದ ಕಡೆಯವಳು, ಚೆನ್ನಾಗಿ ಕಸೂತಿ ಹಾಕುತ್ತಾಳೆ. ಸೇರು ಅಂದರೆ “ಅದು ನಿಮ್ಮ ಗಂಡಸರ ಆಟ ರೀ” ಅಂತ ನಗುತ್ತಾಳೆ. ನಮ್ಮ ಮನೆಗೆ ಕಪಾಟು ಮಾಡಿಕೊಟ್ಟ ಮೇಸ್ತ್ರಿ ಒಂದು ಸಲ ಬಂದರು, ಆಮೇಲೆ ಬರಲಿಲ್ಲ. ಎಲ್ಲರನ್ನೂ ಒಳಗೊಳ್ಳುವ ಹೆಸರೊಂದನ್ನು ಸೂಚಿಸಿ. ಯಾರು ಸೇರಬಹುದು ಎಂದು ಎರಡು ಸಾಲಿನಲ್ಲಿ ಬರೆದುಕೊಡಿ. ಲಾಂಛನಕ್ಕೆ ಹಲ್ಲಿನ ಚಕ್ರ ಹಾಕೋಣವಾ?’

ಹೆಸರು ಕೇಳಿದ್ದೀರಿ, ಕೊಡುತ್ತೇನೆ. ಆದರೆ ನಿಮ್ಮ ಪತ್ರವನ್ನು ಎರಡನೇ ಸಲ ಓದುವಾಗ ನನ್ನ ಕಣ್ಣು ನಿಂತದ್ದು ನಗುವ ಹೆಂಡತಿಯ ಮೇಲೆ ಮತ್ತು ತಿರುಗಿ ಬರದ ಮೇಸ್ತ್ರಿಯ ಮೇಲೆ. ಇವರಿಬ್ಬರೂ ಏಕೆ ಬರುತ್ತಿಲ್ಲ ಅನ್ನುವುದು ಗೊತ್ತಾದರೆ ಹೆಸರಿನ ಜಗಳ ಅರ್ಧ ಮುಗಿದ ಹಾಗೆ.

‘ಮೇಕರ್’, ಅಂದರೆ ಏನನ್ನಾದರೂ ತಾವೇ ಮಾಡುವವರು, ಅನ್ನುವ ಮಾತು ಈಗ ನಮ್ಮ ಶಾಲೆಗಳವರೆಗೂ ಬಂದಿದೆ. ಇದನ್ನು ಊರೂರಿಗೆ ಹಬ್ಬಿಸಿದ್ದು ಅಮೆರಿಕದ ‘ಮೇಕ್’ ಪತ್ರಿಕೆ. 2005ರಲ್ಲಿ ಡೇಲ್ ಡಹರ್ಟಿ ಅದನ್ನು ಶುರು ಮಾಡಿದರು. ಮೊದಲು ಅವರು ಇಡಬೇಕೆಂದಿದ್ದ ಹೆಸರು ‘ಹ್ಯಾಕ್’. ಅವರ ಮಗಳು ಬೇಡ ಅಂದಳಂತೆ, ಹ್ಯಾಕ್ ಅಂದರೆ ಕೇಳೋಕೆ ಚೆನ್ನಾಗಿಲ್ಲ, ಏನಾದರೂ ಮಾಡೋದು ಅಂದರೆ ಎಲ್ಲರಿಗೂ ಇಷ್ಟ ಅಂತ. ಇದನ್ನು ಡಹರ್ಟಿಯವರೇ ಹೇಳಿಕೊಂಡಿದ್ದಾರೆ. ಮರುವರ್ಷ ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊದಲ್ಲಿ ಮೊದಲ ಮೇಕರ್ ಫೇರ್, ಅಂದರೆ ಮಾಡಿದ್ದನ್ನು ತೋರಿಸುವ ಜಾತ್ರೆ, ನಡೆಯಿತು. ಹುಡುಗಿಯ ಲೆಕ್ಕಾಚಾರ ಸರಿಯಾಗಿತ್ತು. ಹೆಸರು ಬಾಗಿಲು ತೆರೆಯಿತು.

ಒಳಗೆ ಯಾರು ಬಂದರು ಅನ್ನುವುದು ಬೇರೆ ಮಾತು. 2013ರಲ್ಲಿ ಲಿಯಾ ಬ್ಯೂಕ್ಲಿ ಅನ್ನುವ ಸಂಶೋಧಕಿ ಆ ಪತ್ರಿಕೆಯ ಅಷ್ಟೂ ಮುಖಪುಟಗಳನ್ನು ಮುಂದಿಟ್ಟುಕೊಂಡು ಕೂತರು. ಮುಖಪುಟದಲ್ಲಿ ಕಾಣಿಸಿಕೊಂಡವರಲ್ಲಿ ಶೇ 85 ಗಂಡಸರು ಮತ್ತು ಹುಡುಗರು. ವಿಷಯಗಳೂ ಹಾಗೇ, ಎಲೆಕ್ಟ್ರಾನಿಕ್ಸ್, ವಾಹನ, ರೋಬೊ. ಎಲ್ಲರಿಗೂ ಇಷ್ಟವಾಗುವ ಹೆಸರನ್ನು ಹೊತ್ತ ಪತ್ರಿಕೆಯ ಗತಿ ಇದು. ಹಾಗಾಗಿ ‘ಎಲ್ಲರ’ ಅನ್ನುವ ಪದವನ್ನು ನಿಮ್ಮ ಹೆಸರಿಗೆ ಸೇರಿಸುವುದರಿಂದ ಏನೂ ಆಗುವುದಿಲ್ಲ. ಸುಮ್ನೆ ಬೋರ್ಡು ಉದ್ದವಾಗುತ್ತದೆ.

ಬ್ಯೂಕ್ಲಿ ಬರೀ ದೂರಿದವರಲ್ಲ. ಆರ್ಡುಯಿನೊ ಅನ್ನುವ ಪುಟ್ಟ ಸರ್ಕ್ಯೂಟ್ ಬೋರ್ಡು ನಿಮ್ಮ ಗುಂಪಿನವರಿಗೆಲ್ಲ ಗೊತ್ತು. ಅದನ್ನೇ ಬಟ್ಟೆಗೆ ಹೊಲಿಯುವಂತೆ ಅವರು ರೂಪಿಸಿದರು. ವೈರಿನ ಬದಲು ಕರೆಂಟು ಹರಿಯುವ ದಾರ, ಬೆಸುಗೆಯ ಬದಲು ಸೂಜಿ. 2007ರಲ್ಲಿ ಅದು ‘ಲಿಲಿಪ್ಯಾಡ್’ ಎಂಬ ಹೆಸರಲ್ಲಿ ಅಂಗಡಿಗೆ ಬಂತು. ಮೂರು ವರ್ಷದ ಮೇಲೆ ಅವರೂ ಬೆಂಜಮಿನ್ ಮಾಕೋ ಹಿಲ್ ಅವರೂ ಸೇರಿ ಲೆಕ್ಕ ತೆಗೆದರು. ಮಾಮೂಲಿ ಆರ್ಡುಯಿನೊದಲ್ಲಿ ಮಾಡಿ ತೋರಿಸಿದ ಕೆಲಸಗಳಲ್ಲಿ ಹೆಂಗಸರದ್ದು ಶೇ 2 ಮಾತ್ರ. ಲಿಲಿಪ್ಯಾಡಿನಲ್ಲಿ ಶೇ 65! ಎರಡರ ಒಳಗಿನ ತಂತ್ರ ಒಂದೇ. ‘ಮಹಿಳೆಯರಿಗೆ ಸ್ವಾಗತ’ ಅಂತ ಯಾರೂ ಫಲಕ ಹಾಕಲಿಲ್ಲ. ಅವರಿಗೆ ಆಗಲೇ ಬರುತ್ತಿದ್ದ ಕೆಲಸದ ಪಕ್ಕಕ್ಕೆ ಬೋರ್ಡನ್ನು ತಂದಿಟ್ಟರು, ಅಷ್ಟೇ.

ಈಗ ನಿಮ್ಮ ಮನೆಗೆ ಬರೋಣ. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕುವ ಹಾಗಿಲ್ಲ. ಗವಂತಿ ಹೊಲಿಗೆಯಲ್ಲಿ ಸೂಜಿ ಹೋದ ದಾರಿಯಲ್ಲೇ ಬಿಟ್ಟ ಜಾಗ ತುಂಬುತ್ತಾ ವಾಪಸು ಬರಬೇಕು, ಹಿಂದೆ ಮುಂದೆ ಎರಡೂ ಕಡೆ ಒಂದೇ ತರ ಕಾಣಬೇಕು. ಗೋಪುರವೋ ತೇರೋ ಹಾಕುವಾಗ ಸೂಜಿ ಎಲ್ಲಿಂದ ಹೊರಟು ಎಲ್ಲಿಗೆ ಮರಳಬೇಕು ಅನ್ನುವುದನ್ನು ಮೊದಲೇ ತಲೆಯಲ್ಲಿ ಕೂರಿಸಿಕೊಳ್ಳಬೇಕು. ನಿಮ್ಮ ತ್ರೀಡಿ ಪ್ರಿಂಟರಿನ ತಲೆ ಯಾವ ದಾರಿಯಲ್ಲಿ ಓಡಬೇಕು ಎಂದು ಕಂಪ್ಯೂಟರ್ ಹಾಕುವ ಲೆಕ್ಕವೂ ಇದೇ ಜಾತಿಯದು. ನಿಮ್ಮ ಗುಂಪಿನವರು ಇದನ್ನು ಯಾವತ್ತಾದರೂ ಅವರ ಹತ್ತಿರ ಕೇಳಿದ್ದೀರಾ? ‘ನೀನೂ ಸೇರು’ ಅನ್ನುವುದು ಒಂದು. ‘ಮುಂದಿನ ವಾರ ಗವಂತಿಯ ದಾರಿ ಹೇಗೆ ಗೊತ್ತುಮಾಡ್ತೀರಿ ಅಂತ ನಮಗೆ ಹೇಳಿಕೊಡಿ’ ಅನ್ನುವುದು ಇನ್ನೊಂದು. ಎರಡನೆಯದನ್ನು ಕೇಳಿ ನೋಡಿ.

ಇನ್ನೂ ಒಂದು ವಿಷಯ, ಹೇಳದೆ ಇರಲಾರೆ. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ! ಆ ಹೊತ್ತಲ್ಲಿ ನಿಮ್ಮ ಮನೆಯ ಅಡುಗೆಮನೆಯಲ್ಲಿ ಯಾರಿರುತ್ತಾರೆ? ಹೊತ್ತು ಬದಲಾಯಿಸಿ, ಇಲ್ಲವೇ ನೀವೇ ಅಡುಗೆಮನೆಗೆ ಹೋಗಿ.

ಮೇಸ್ತ್ರಿಯ ಕಥೆ ಬೇರೆ. ಅಮೆರಿಕದಲ್ಲಿ ಈ ಚರ್ಚೆ ಹೆಚ್ಚಾಗಿ ಗಂಡು ಹೆಣ್ಣು, ಕರಿಯ ಬಿಳಿಯ ಅನ್ನುವ ಸುತ್ತ ನಡೆಯಿತು. ನಮ್ಮಲ್ಲಿ ಇನ್ನೊಂದು ಗಂಟಿದೆ. ಖುಷಿಗೆ ಮರ ಕೊರೆಯುವ ಇಂಜಿನಿಯರ್ ‘ಮೇಕರ್’ ಅನ್ನಿಸಿಕೊಳ್ಳುತ್ತಾರೆ. ಹೊಟ್ಟೆಪಾಡಿಗೆ ಅದನ್ನೇ ಮಾಡುವವರು ‘ಕೆಲಸದವರು’. ಅದರ ಮೇಲೆ ಜಾತಿ. ಬಡಗಿ, ಕಮ್ಮಾರ, ಕುಂಬಾರ, ಮೇದಾರ ಅನ್ನುವುದು ಕಸುಬಿನ ಹೆಸರೂ ಹೌದು, ಜಾತಿಯ ಹೆಸರೂ ಹೌದು. ಹನ್ನೆರಡನೇ ಶತಮಾನದ ಶರಣರು ಕಸುಬನ್ನೇ ಹೆಸರಿನ ಮುಂದೆ ಹಾಕಿಕೊಂಡರು. ಬಿದಿರ ಕೆಲಸದ ಮೇದಾರ ಕೇತಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ನೂಲುವ ಕದಿರ ರೆಮ್ಮವ್ವೆ. ಅದು ಅವರು ತಾವಾಗಿ ಇಟ್ಟುಕೊಂಡ ಹೆಮ್ಮೆ. ಅದೇ ಕಸುಬನ್ನು ಇವತ್ತು ಬೇರೆಯವರು ಕೇಳಿದರೆ ‘ನೀವು ಯಾವ ಜನ?’ ಅಂತ ಕೇಳಿದ ಹಾಗೆ ಕೇಳಿಸುತ್ತದೆ. ಈ ಕಾರಣಕ್ಕೆ ‘ವಿಶ್ವಕರ್ಮ’ ಬೇಡ. ಒಂದು ಸಮುದಾಯದ ಹೆಸರನ್ನು ಹೊರಗಿನವರು ಎತ್ತಿಕೊಂಡ ಹಾಗೂ ಆಗುತ್ತದೆ, ಉಳಿದವರಿಗೆ ‘ಇದು ನಮಗಲ್ಲ’ ಅಂತಲೂ ಅನ್ನಿಸುತ್ತದೆ.

ಕೇಂದ್ರ ಸರ್ಕಾರ 2023ರಲ್ಲಿ ವಿಶ್ವಕರ್ಮರ ಹೆಸರಲ್ಲೇ ಯೋಜನೆ ತಂದಿದೆಯಲ್ಲ ಅಂತ ನೀವು ಕೇಳಬಹುದು. ಅದರಲ್ಲಿ 18 ಕಸುಬುಗಳ ಪಟ್ಟಿ ಇದೆ. ಬಡಗಿ, ಕುಂಬಾರರ ಜೊತೆ ಕ್ಷೌರಿಕರು, ಅಗಸರು, ಹೂಮಾಲೆ ಕಟ್ಟುವವರು, ಮೀನಿನ ಬಲೆ ಹೆಣೆಯುವವರೂ ಇದ್ದಾರೆ. ಅಲ್ಲಿ ಸಾಲ, ಸಲಕರಣೆ ಹಂಚಬೇಕು. ಯಾರಿಗೆ ಕೊಡಬೇಕು ಅನ್ನುವ ಗೆರೆ ಬೇಕೇ ಬೇಕು. ನೀವು ಏನನ್ನೂ ಹಂಚುತ್ತಿಲ್ಲ. ನಿಮಗೆ ಪಟ್ಟಿ ಏಕೆ? ‘ಕುಶಲಕರ್ಮಿ’ಯೂ ಇಂಥದ್ದೇ, ಅರ್ಜಿ ನಮೂನೆಯಲ್ಲಿ ಕಾಣುವ ಮಾತು. ನಿಮ್ಮ ಮೇಸ್ತ್ರಿ ತಮ್ಮನ್ನು ಹಾಗೆ ಕರೆದುಕೊಂಡದ್ದು ಕೇಳಿದ್ದೀರಾ?

ಅವರು ಬಂದ ದಿನ ಏನು ನಡೆಯಿತು ಅಂತ ನೀವು ಬರೆದಿಲ್ಲ. ನಾನು ಊಹಿಸಬಲ್ಲೆ. ‘ಈ ಮೂಲೆ ಜೋಡಿಸೋದು ಹೇಗೆ ಮೇಸ್ತ್ರಿ?’ ‘ಯಾವ ಪ್ಲೈವುಡ್ ಒಳ್ಳೇದು?’ ‘ನಮ್ಮನೆ ಬಾಗಿಲು ಹಿಡೀತಿದೆ, ಒಂಚೂರು ನೋಡ್ತೀರಾ?’ ಎಲ್ಲ ಪುಕ್ಕಟೆ. ಡಾಕ್ಟರನ್ನು ಮದುವೆ ಮನೆಯಲ್ಲಿ ಹಿಡಿದು ಮಂಡಿನೋವು ತೋರಿಸಿದ ಹಾಗೆ. ಒಂದು ದಿನದ ಕೂಲಿಯ ಹೊತ್ತನ್ನು ಬಿಟ್ಟುಕೊಟ್ಟು ಇದಕ್ಕೆ ಅವರು ಮತ್ತೆ ಏಕೆ ಬರಬೇಕು? ಅವರಿಗೂ ಏನಾದರೂ ಕಲಿಯುವ ಆಸೆ ಇರಬಹುದು. ನಕ್ಷೆಯನ್ನು ಕಂಪ್ಯೂಟರಿನಲ್ಲಿ ಹಾಕುವುದು, ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಸಿಎನ್‌ಸಿ ಯಂತ್ರಕ್ಕೆ ಕೆಲಸ ಕೊಡುವುದು, ಗಿರಾಕಿಗೆ ಲೆಕ್ಕಪಟ್ಟಿ ಬರೆಯುವುದು. ಅದನ್ನು ಯಾರಾದರೂ ಕೇಳಿದಿರಾ? ಕಲಿಸಲು ಕರೆದರೆ ದುಡ್ಡು ಕೊಡಿ. ಕಲಿಯಲು ಬಂದರೆ ಉಳಿದವರಂತೆ ಜಾಗ ಕೊಡಿ.

ದುಡ್ಡಿನ ಮಾತು ಬಂದರೆ ಹವ್ಯಾಸಿಗಳಿಗೆ ಮುಜುಗರ. ‘ಇಲ್ಲಿ ವ್ಯಾಪಾರ ಬೇಡ’ ಅಂತ ಮೊದಲ ನಿಯಮ ಬರೆದುಬಿಡುತ್ತಾರೆ. ಆ ನಿಯಮ ಬಿದ್ದ ದಿನ ಕಸುಬಿನವರು ಹೊರಗೆ. ಯಂತ್ರ, ಸಲಕರಣೆಗಳನ್ನು ಹಂಚಿಕೊಂಡು ಬಳಸುವ ಕಾರ್ಯಾಗಾರಗಳಿಗೆ ಫ್ಯಾಬ್ ಲ್ಯಾಬ್ ಅನ್ನುತ್ತಾರೆ. ಜಗತ್ತಿನ ಫ್ಯಾಬ್ ಲ್ಯಾಬ್‌ಗಳೆಲ್ಲ ಒಪ್ಪಿಕೊಂಡಿರುವ ಒಂದು ಪುಟ್ಟ ಸನ್ನದು ಇದನ್ನು ಚೆನ್ನಾಗಿ ಬಿಡಿಸಿದೆ. ವ್ಯಾಪಾರ ಇಲ್ಲಿ ಹುಟ್ಟಬಹುದು, ಆದರೆ ಬೇರೆಯವರ ಬಳಕೆಗೆ ಅಡ್ಡ ಬರಬಾರದು, ದೊಡ್ಡದಾದರೆ ಹೊರಗೆ ಹೋಗಿ ಬೆಳೆಯಬೇಕು. ಜೊತೆಗೆ ಬಳಸಿದವರು ಜಾಗ ಗುಡಿಸಬೇಕು, ಕಲಿತದ್ದನ್ನು ಬರೆದಿಡಬೇಕು, ಇನ್ನೊಬ್ಬರಿಗೆ ಹೇಳಿಕೊಡಬೇಕು. ಇಂಥ ಲ್ಯಾಬು ನಮ್ಮ ದೇಶಕ್ಕೆ ಮೊದಲು ಬಂದದ್ದು ಮಹಾನಗರಕ್ಕಲ್ಲ. ಪುಣೆ ಜಿಲ್ಲೆಯ ಪಾಬಳ್ ಹಳ್ಳಿಯ ವಿಜ್ಞಾನ ಆಶ್ರಮಕ್ಕೆ, 2002ರಲ್ಲಿ. ಶ್ರೀನಾಥ ಕಲಬಾಗ್ ಆ ಆಶ್ರಮವನ್ನು 1983ರಲ್ಲೇ ಕಟ್ಟಿದ್ದರು. ಶಾಲೆ ಬಿಟ್ಟ ಹುಡುಗರು ಅಲ್ಲಿ ವೆಲ್ಡಿಂಗ್, ಗಾರೆ ಕೆಲಸ, ಕೃಷಿ ಮಾಡುತ್ತಲೇ ವಿಜ್ಞಾನ ಕಲಿಯುತ್ತಿದ್ದರು. ನೀನು ಮೇಕರೋ ಅಲ್ಲವೋ ಅಂತ ಅಲ್ಲಿ ಯಾರೂ ಕೇಳುವ ಅಗತ್ಯ ಬೀಳಲಿಲ್ಲ. ಕೆಲಸ ಇತ್ತು, ಮಾಡಿದರು.

ನಿಮ್ಮ ಪುತ್ತೂರಿನ ಸದಸ್ಯರಿಗೆ ಇನ್ನೊಂದು ಉದಾಹರಣೆ ಗೊತ್ತಿರಲೇಬೇಕು. ಅವರ ಊರಿನ ‘ಅಡಿಕೆ ಪತ್ರಿಕೆ’ 1988ರಿಂದ ಕೃಷಿಕರ ಕೈಗೇ ಲೇಖನಿ ಕೊಟ್ಟಿದೆ. ತೋಟದಲ್ಲಿ ಉಪಕರಣ ಮಾಡಿದವರು, ನೀರಿಂಗಿಸಿದವರು ತಾವೇ ಬರೆಯುತ್ತಾರೆ. ಬರೆದವರ ಹೆಸರು ಅಲ್ಲಿರುತ್ತದೆ. ಹಳ್ಳಿಯ ಜನ ತಾವೇ ಕಂಡುಕೊಂಡ ಉಪಾಯಗಳನ್ನು ಕೂಡಿಹಾಕಲು ಅಹಮದಾಬಾದಿನ ಅನಿಲ್ ಗುಪ್ತಾ ಕಟ್ಟಿದ ಹನಿ ಬೀ ನೆಟ್‌ವರ್ಕ್‌ನ ಮುಖ್ಯ ಕಟ್ಟಳೆಯೂ ಇದೇ. ತಿಳಿವಳಿಕೆ ಕೊಟ್ಟವರ ಹೆಸರು ಹೇಳಬೇಕು, ಪಡೆದದ್ದನ್ನು ಅವರ ಭಾಷೆಯಲ್ಲಿ ಅವರಿಗೆ ಮರಳಿಸಬೇಕು. ನಿಮ್ಮ ವೀಡಿಯೊಗಳಲ್ಲಿ ‘ಲೋಕಲ್ ಕಾರ್ಪೆಂಟರ್ ಒಬ್ಬರು ಹೇಳಿಕೊಟ್ಟರು’ ಅಂತ ಬರುತ್ತದಾ ಅಥವಾ ಅವರ ಹೆಸರು ಬರುತ್ತದಾ? ಅವರ ಒಪ್ಪಿಗೆ ಕೇಳಿ ಹೆಸರು ಹಾಕಿ.

ಇನ್ನು ಏನೇನು ಲೆಕ್ಕಕ್ಕೆ ಬರುತ್ತದೆ ಅನ್ನುವ ಪ್ರಶ್ನೆ. ಹೊಸದು ಮಾಡಿದರೆ ಮಾತ್ರ ದೊಡ್ಡದು ಅನ್ನುವ ಧೋರಣೆಗೆ ಡೆಬಿ ಚಚ್ರಾ ಎಂಬ ಇಂಜಿನಿಯರಿಂಗ್ ಪ್ರಾಧ್ಯಾಪಕಿ 2015ರಲ್ಲಿ ನೇರವಾಗಿ ಉತ್ತರ ಕೊಟ್ಟರು. ಕಲಿಸುವುದು, ರಿಪೇರಿ ಮಾಡುವುದು, ಇನ್ನೊಬ್ಬರನ್ನು ನೋಡಿಕೊಳ್ಳುವುದು ಇವೆಲ್ಲ ಎಲ್ಲಿ ಹೋದವು ಎಂದು ಕೇಳಿ, ಮೇಕರ್ ಅನ್ನುವ ಹಣೆಪಟ್ಟಿಯೇ ತಮಗೆ ಬೇಡ ಅಂದರು. ನಾನು ಅಷ್ಟು ದೂರ ಹೋಗುವುದಿಲ್ಲ. ಆದರೆ ರಿಪೇರಿಯನ್ನು ಮಾತ್ರ ಬಿಡಬೇಡಿ. ಮಾರ್ಟೀನ್ ಪೋಸ್ಟ್ಮಾ ಎಂಬ ಪತ್ರಕರ್ತೆ 2009ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಮೊದಲ ರಿಪೇರ್ ಕೆಫೆ, ಅಂದರೆ ಕೆಟ್ಟ ಸಾಮಾನು ತಂದು ಗೊತ್ತಿರುವವರ ಜೊತೆ ಕೂತು ಸರಿಮಾಡಿಕೊಳ್ಳುವ ಕೂಟ, ನಡೆಸಿದರು. ಬೆಂಗಳೂರಿಗೆ ಅದು 2015ರಲ್ಲಿ ಬಂತು. ಅಲ್ಲಿಗೆ ಹೋಗಲು ನೀವು ಏನೂ ಆಗಿರಬೇಕಿಲ್ಲ, ಕೆಟ್ಟ ಮಿಕ್ಸಿ ಒಂದಿದ್ದರೆ ಸಾಕು. ಏನೂ ಬಾರದವರು ಹೆದರದೆ ಒಳಗೆ ಕಾಲಿಡುವುದಕ್ಕೆ ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ. ತಿಂಗಳಲ್ಲಿ ಒಂದು ಭಾನುವಾರ ಕೆಟ್ಟ ಸಾಮಾನಿಗೇ ಮೀಸಲಿಡಿ. ಉಪ್ಪಿನಕಾಯಿಯವರು, ಕಸಿ ಕಟ್ಟುವವರು, ಗಣಪತಿ ಮಾಡುವವರು ಎಲ್ಲ ಬರಲಿ.

ಗಂಡಸರದ್ದೇ ಗುಂಪು ಇರಬಾರದು ಅಂತ ನನ್ನ ವಾದವಲ್ಲ. ಆಸ್ಟ್ರೇಲಿಯಾದ ‘ಮೆನ್ಸ್ ಶೆಡ್’ಗಳು ನಿವೃತ್ತರಾಗಿ ಒಂಟಿಯಾದ ಗಂಡಸರಿಗೆಂದೇ ಹುಟ್ಟಿದವು. ಜೊತೆಯಲ್ಲಿ ಕೆಲಸ ಮಾಡುತ್ತಾ ಅವರು ಮಾತಾಡುತ್ತಾರೆ ಅನ್ನುವುದೇ ಅವುಗಳ ಉದ್ದೇಶ. ಹೆಸರಿನಲ್ಲೇ ಯಾರಿಗೆ ಅಂತ ಹೇಳಿಬಿಟ್ಟಿದ್ದಾರೆ. ಎಲ್ಲರಿಗೂ ಅಂತ ಹೇಳಿ ಕೆಲವರಿಗೆ ಮಾತ್ರ ನಡೆಸುವುದಕ್ಕಿಂತ ಅದು ವಾಸಿ. ನೀವು ಎಲ್ಲರಿಗೂ ಅಂದಿದ್ದೀರಿ, ಹಾಗಾಗಿ ಇಷ್ಟು ಕೊರೆದೆ.

ಹೆಸರು: ‘ಕೈಯಾರೆ’. ಹಿಂದೆ ಮುಂದೆ ಏನೂ ಬೇಡ. ಇದು ಯಾರನ್ನೂ ಏನೂ ಅಂತ ಕರೆಯುವುದಿಲ್ಲ, ಕೆಲಸದ ಬಗೆಯನ್ನಷ್ಟೇ ಹೇಳುತ್ತದೆ. ಆದರೆ ನನ್ನ ಮಾತನ್ನು ಕೊನೆಯದು ಮಾಡಿಕೊಳ್ಳಬೇಡಿ. ಹೆಂಡತಿಯವರನ್ನೂ ಮೇಸ್ತ್ರಿಯನ್ನೂ ಕೂರಿಸಿಕೊಂಡು ಮತ್ತೊಮ್ಮೆ ಕೇಳಿ. ಅವರು ಬೇರೆ ಹೆಸರು ಹೇಳಿದರೆ ಅದನ್ನೇ ಇಡಿ.

ಎರಡು ಸಾಲು ಇಲ್ಲಿದೆ: ‘ಏನನ್ನಾದರೂ ಕೈಯಾರೆ ಮಾಡುವ, ರಿಪೇರಿ ಮಾಡುವ, ಬೆಳೆಯುವ, ಕಲಿಸುವ ಅಥವಾ ಕಲಿಯಬೇಕೆಂದಿರುವ ಯಾರು ಬೇಕಾದರೂ ಬರಬಹುದು. ಕಲಿಸಿದವರ ಹೆಸರು ಹೇಳಿ, ಹೊಟ್ಟೆಪಾಡಿನ ಕೆಲಸವನ್ನು ಪುಕ್ಕಟೆ ಕೇಳಬೇಡಿ.’ ಎರಡನೇ ಸಾಲನ್ನು ಯಾರಾದರೂ ತೆಗೆಯೋಣ ಅಂದರೆ ಒಪ್ಪಬೇಡಿ.

ಲಾಂಛನಕ್ಕೆ ಹಲ್ಲಿನ ಚಕ್ರ ಬೇಡ. ಸದ್ಯಕ್ಕೆ ಲಾಂಛನವೇ ಬೇಡ. ಒಂದು ವರ್ಷ ನಡೆಸಿ, ಆಮೇಲೆ ಹೆಚ್ಚಾಗಿ ಏನು ಮಾಡಿದಿರಿ ನೋಡಿಕೊಂಡು ಬಿಡಿಸಿ.

— ಸಂಪಾದಕ