ಜಂತುಹುಳುವಿದ್ದರೆ ಮಂಗ ಸೀನುವುದಿಲ್ಲವೇ?

ಪ್ರಶ್ನೆ: ಜಪಾನಿನ ಮಂಗಗಳಿಗೂ ಪರಾಗದ ಅಲರ್ಜಿ ಬರುತ್ತದೆಂದೂ, ಹೊಟ್ಟೆಯಲ್ಲಿ ಜಂತುಹುಳುವಿದ್ದರೆ ಬರುವುದಿಲ್ಲವೆಂದೂ ಕೇಳಿದೆ. ನಿಜವೇ? ಹಾಗಾದರೆ ಮೊಮ್ಮಗನಿಗೆ ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ಬೇಡವೆನ್ನಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲನೆಯ ಮಾತು ನಿಜ. ಎರಡನೇ ಮಹಾಯುದ್ಧದ ನಂತರ ಜಪಾನಿನ ಬೆಟ್ಟಗಳಲ್ಲಿ ನಾಟಾಕ್ಕೆಂದು ನೆಟ್ಟ ಸುಗಿ (ಜಪಾನಿನ ಸೀಡರ್) ಮರಗಳು ಬಲಿತು, ವರ್ಷವರ್ಷವೂ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪರಾಗವನ್ನು ಗಾಳಿಗೆ ತೂರತೊಡಗಿದವು. ಈ ಪರಾಗದಿಂದ ಮನುಷ್ಯರಿಗೆ ಬರುವ ಅಲರ್ಜಿ 1964ರಲ್ಲಿ ನಿಕ್ಕೋ ಪ್ರದೇಶದಿಂದ ವರದಿಯಾಯಿತು. 1980ರ ದಶಕದಲ್ಲಿ ಜಪಾನಿನ ಕೆಂಪು ಮುಖದ ಮಂಗಗಳೂ ಅದೇ ಋತುವಿನಲ್ಲಿ ಸೀನುತ್ತ, ಮೂಗು ಸೋರಿಸುತ್ತ, ಕಣ್ಣುಜ್ಜಿಕೊಳ್ಳುವುದು ಕಂಡುಬಂತು. ಅವುಗಳ ರಕ್ತದಲ್ಲಿ ಸುಗಿ ಪರಾಗವನ್ನೇ ಗುರಿಯಾಗಿಸಿಕೊಂಡ, ಅಲರ್ಜಿಯನ್ನು ಕೆರಳಿಸುವ ಐಜಿಇ ಎಂಬ ಪ್ರತಿಕಾಯವೂ ಸಿಕ್ಕಿತು. ಯಾರೂ ಪ್ರಯೋಗಾಲಯದಲ್ಲಿ ಬರಿಸದೆ ತಾನಾಗಿ ಬಂದ ಕಾಯಿಲೆಯಾದ್ದರಿಂದ ವಿಜ್ಞಾನಿಗಳಿಗೆ ಇದು ವಿಶೇಷ.

ಹುಳುವಿನ ನಂಟು ಹುಟ್ಟುವುದೂ ಇದೇ ಐಜಿಇಯಿಂದ. ಜಂತುಹುಳು ಹೊಕ್ಕಾಗಲೂ ದೇಹ ಇದನ್ನೇ ಹೇರಳವಾಗಿ ತಯಾರಿಸುತ್ತದೆ. ಹೀಗಿದ್ದರೆ ಅಲರ್ಜಿ ಹೆಚ್ಚಬೇಕಲ್ಲವೇ ಎನಿಸುವುದು ಸಹಜ. ಆದರೆ ವರ್ಷಗಟ್ಟಲೆ ಕರುಳಿನಲ್ಲಿ ಬಾಳಬೇಕಾದ ಹುಳು, ತನ್ನ ರಕ್ಷಣೆಗಾಗಿ, ಆತಿಥೇಯನ ರೋಗನಿರೋಧಕ ವ್ಯವಸ್ಥೆಯನ್ನು ತಣ್ಣಗಾಗಿಸುವ ಐಎಲ್-10ರಂತಹ ಸಂಕೇತಗಳನ್ನು ಹೆಚ್ಚಿಸುತ್ತದೆ. ಆ ತಂಪು ಪರಾಗದ ಮೇಲಿನ ಸಿಟ್ಟಿಗೂ ತಗಲಬಹುದೆಂಬುದು ವಾದ. ಗ್ಯಾಬನ್ ದೇಶದ ಶಾಲಾಮಕ್ಕಳಿಗೆ ದೀರ್ಘಕಾಲ ಹುಳುವಿನ ಔಷಧಿ ಕೊಟ್ಟಾಗ ಧೂಳಿನ ನುಸಿಗೆ ಚರ್ಮದ ಪ್ರತಿಕ್ರಿಯೆ ಹೆಚ್ಚಿದ್ದು (2004) ಇದಕ್ಕೆ ಪುಷ್ಟಿ ಕೊಟ್ಟರೆ, ಎಕ್ವಡಾರ್‌ನಲ್ಲಿ ಅಂತಹ ಏರಿಕೆ ಕಾಣಲಿಲ್ಲ.

ಮಂಗಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಜಪಾನಿನ ಕಾಡುಮಂಗಗಳ ಕರುಳಿನಲ್ಲಿ ದುಂಡುಹುಳುಗಳು ಸರ್ವೇಸಾಮಾನ್ಯ, ಆದರೂ ಕೆಲವು ಸೀನುತ್ತವೆ. ಹುಳು ಪೂರ್ಣ ಕವಚವಲ್ಲವೆಂಬುದು ಇಷ್ಟರಿಂದಲೇ ತಿಳಿಯುತ್ತದೆ. ವಯಸ್ಸು, ಆಹಾರ, ಸುಗಿ ತೋಪಿನ ಸಾಮೀಪ್ಯ ಇವೆಲ್ಲ ಒಂದರಲ್ಲೊಂದು ಬೆರೆತಿರುವಾಗ, ಹಿಂಡಿನ ಮಲದಲ್ಲಿರುವ ಹುಳುವಿನ ಮೊಟ್ಟೆಗಳನ್ನೂ ಸೀನುಗಳನ್ನೂ ಎಣಿಸಿದ ಮಾತ್ರಕ್ಕೆ ಕಾರಣ ಸಿಗದು.

ಮಾತ್ರೆಯನ್ನು ನಿಲ್ಲಿಸಬೇಡಿ. ಡೆನ್ಮಾರ್ಕಿನಲ್ಲಿ ಹುಲ್ಲಿನ ಪರಾಗದ ಅಲರ್ಜಿಯಿದ್ದ ನೂರು ಮಂದಿಯನ್ನು ಆಯ್ದು, ಕೆಲವರಿಗೆ ಹಂದಿಯ ಕರುಳುಹುಳುವಿನ ಮೊಟ್ಟೆಗಳನ್ನೇ ಕುಡಿಸಿ ನೋಡಿದ್ದರು (2010). ಸೀನು ತಗ್ಗಲಿಲ್ಲ, ಹೊಟ್ಟೆ ಮಾತ್ರ ಕೆಟ್ಟಿತು. ಮೊಮ್ಮಗನಿಗಾದರೋ ಕೊಕ್ಕೆಹುಳು ರಕ್ತ ಹೀರಿ ತರುವ ರಕ್ತಹೀನತೆಯ ಅಪಾಯ ಊಹೆಯದಲ್ಲ, ಕಣ್ಣೆದುರಿನದು.